ಮೂರನೇ ಮೆಟ್ಟಿಲ ಟವೆಲ್ಲು

ಕೂಡ್ಲಿಗಿ
ಶನಿವಾರ, 22 ನವೆಂಬರ್ 2025

ಗುಡೇಕೋಟೆಯಲ್ಲಿರುವ ನನ್ನ ಅವ್ವನಿಗೆ ಪುಷ್ಪಿಯ ಶರಣು ಶರಣಾರ್ಥಿ.

ಫೋನು ಇರುವಾಗ ಇವಳಿಗೇನು ಕಾಗದ ಬರೆಯುವ ಹುಚ್ಚು ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತದೆ. ಏನು ಮಾಡಲಿ ಹೇಳು? ಅಪ್ಪನ ಮಾತು ಎತ್ತಿದರೆ ಸಾಕು, "ಒಲೀ ಮ್ಯಾಲೆ ಹಾಲು ಐತಿ" ಎಂದು ಫೋನು ಇಟ್ಟುಬಿಡುತ್ತೀ. ಇಷ್ಟು ವರ್ಷದಲ್ಲಿ ಆ ಹಾಲು ಒಮ್ಮೆಯೂ ಉಕ್ಕಿದ್ದನ್ನು ನಾನು ಕೇಳಿಲ್ಲ. ಕಾಗದವಾದರೆ ಶಿವಶಂಕರ ಮಾವನ ಮಗಳು ಭೂಮಿಕಾ ಓದಿ ಹೇಳುತ್ತಾಳೆ. ನೀನು ಎದ್ದು ಹೋದರೂ ಕಾಗದ ಕಾಯುತ್ತದೆ. ಭೂಮಿಕಾ, ನಿಮ್ಮತ್ತೆ ಎದ್ದು ಹೋದರೆ ಅಲ್ಲಿಗೇ ನಿಲ್ಲಿಸು, ಬಂದ ಮೇಲೆ ಅಲ್ಲಿಂದಲೇ ಓದು.

ಸುದ್ದಿ ಏನೆಂದರೆ, ನಮ್ಮ ಫುಟ್‌ಬಾಲ್ ಸ್ಟೇಡಿಯಮ್ಮಿನ ಗ್ಯಾಲರಿಯನ್ನು ಕೆಡವುತ್ತಿದ್ದಾರೆ.

ನಿನಗೆ ಇದು ಸಿಹಿ ಸುದ್ದಿ ಆಗಬಹುದು. ಆ ಕಲ್ಲಿನ ಮೆಟ್ಟಿಲುಗಳನ್ನು ನೀನು ಸವತಿಗಿಂತ ಹೆಚ್ಚು ದ್ವೇಷಿಸಿದವಳು. ನಿನ್ನ ದ್ವೇಷದಲ್ಲಿ ತಪ್ಪಿಲ್ಲ ಎಂದು ನಾನೂ ಬಲ್ಲೆ. ನಿನ್ನ ಲಗ್ನವಾದ ವರ್ಷ ಅಜ್ಜ ಗುಡೇಕೋಟೆ ಗುಡ್ಡದ ಕಲ್ಲು ಸೀಳಿಸಿ, ಚಪ್ಪಡಿ ಮಾಡಿಸಿ, ಒಂದು ಅಂಚನ್ನು ನುಣ್ಣಗೆ ಕೆತ್ತಿಸಿ ಬಂಡಿ ಮೇಲೆ ಕಳಿಸಿದ್ದನಂತೆ. ಮಗಳು ಸಂಜೆ ಹೊತ್ತು ಕುಂದ್ರಾಕ ಜಗಲಿ ಕಟ್ಟಿಸಿಕೊಳ್ಳಿ ಎಂದು ಹೇಳಿಕಳಿಸಿದ್ದನಂತೆ. ಅಪ್ಪ ಆ ಬಂಡಿಗಳನ್ನು ಮನೆ ಮುಂದೆ ನಿಲ್ಲಿಸಲೂ ಇಲ್ಲ. ಸೀದಾ ಮೈದಾನಕ್ಕೆ ಹೊಡೆಸಿಕೊಂಡು ಹೋದ. ಆಗ ಊರವರೆಲ್ಲ ಕೈಜೋಡಿಸಿ ಗ್ಯಾಲರಿ ಕಟ್ಟುತ್ತಿದ್ದರು, ಮೂರನೇ ಮೆಟ್ಟಿಲಿಗೆ ಕಲ್ಲು ಸಾಲದೆ ಕೆಲಸ ನಿಂತಿತ್ತು. ಕೊಟ್ಟೂರು, ಹಡಗಲಿ, ಹರಪನಹಳ್ಳಿ ಟೀಮುಗಳು ಬರುವ ದಿನ ಹತ್ತಿರವಾಗಿತ್ತು. ಹೀಗೆ ನಿನ್ನ ಜಗಲಿ ಊರಿನ ಮೆಟ್ಟಿಲಾಯಿತು. ನೀನು ಮಣ್ಣಿನ ಮನೆಯಲ್ಲಿ ಉಳಿದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನೀನು ಅನ್ನುವಾಗೆಲ್ಲ ಅಪ್ಪ ನಕ್ಕುಬಿಡುತ್ತಿದ್ದ. ಒಮ್ಮೆಯಾದರೂ ತಿರುಗಿ ಜಗಳವಾಡಿದ್ದರೆ ನಿನಗೆ ಹಗುರಾಗುತ್ತಿತ್ತೇನೋ.

ನನ್ನ ಲಗ್ನವಾದ ವರ್ಷದ ಮಳೆಗೆ ನಮ್ಮ ಅಡುಗೆಮನೆ ಗೋಡೆ ಬಿತ್ತಲ್ಲ, ಅವತ್ತಿನದನ್ನು ನಾನು ನೋಡಿಲ್ಲ, ನೀನು ಹೇಳಿದ್ದನ್ನು ಕೇಳಿದ್ದೇನೆ. ಗ್ಯಾಲರಿಗೆ ತಾಡಪಾಲು ಹೊದಿಸಲು ಹೋಗಿದ್ದ ಅಪ್ಪ ಬೆಳಿಗ್ಗೆ ಒದ್ದೆಮೈಯಲ್ಲಿ ಬಂದು, ಬಿದ್ದ ಗೋಡೆಯ ಮುಂದೆ ನಿಂತು, "ಗ್ಯಾಲರಿಗೆ ಏನೂ ಆಗಿಲ್ಲ" ಎಂದನಂತೆ. ನೀನು ಆ ಮಣ್ಣಿನೊಳಗಿಂದ ರೊಟ್ಟಿ ಹಂಚೊಂದನ್ನು ಎತ್ತಿಕೊಂಡು ಗುಡೇಕೋಟೆ ಬಸ್ಸು ಹತ್ತಿದೆ. ಆಮೇಲೆ ಕೂಡ್ಲಿಗಿಯ ನೀರು ಕುಡಿಯಲಿಲ್ಲ. ನನ್ನ ಮಕ್ಕಳನ್ನು ತೊಟ್ಟಿಲಿಗೆ ಹಾಕುವಾಗಲೂ, "ಕೂಸನ್ನ ಇಲ್ಲಿಗೇ ಕರಕೊಂಡು ಬಾ" ಎಂದೆ.

ಈಗ ಕೆಡವುವ ವಿಷಯ. ಗ್ಯಾಲರಿಯ ಹಿಂದಿನ ಗೋಡೆ ಹೊಟ್ಟೆ ಬಿಟ್ಟು ಬಹಳ ದಿನವಾಯಿತು. ಈ ಶ್ರಾವಣದಲ್ಲಿ ಮೇಲಿನ ಸಜ್ಜದ ಒಂದು ತುಂಡು ಕಳಚಿ, ಬೂಟಿನ ದಾರ ಕಟ್ಟುತ್ತಿದ್ದ ಅರ್ಚನಾ ಎಂಬ ಹುಡುಗಿಯ ಕಾಲಿನ ಮೇಲೆ ಬಿತ್ತು. ಹೌದು ಅವ್ವ, ಈಗ ಹುಡುಗಿಯರೂ ಆಡುತ್ತಾರೆ, ಹುಡುಗರಿಗಿಂತ ಚೆನ್ನಾಗಿ ಆಡುತ್ತಾರೆ. ಕಾಲು ಕೂಡಿಕೊಂಡಿದೆ, ಕುಂಟುವುದು ಇನ್ನೂ ಹೋಗಿಲ್ಲ. ಅಲ್ಲಿಂದ ಊರು ಎರಡು ಪಾಲಾಯಿತು. ಗೋಡೆಯನ್ನು ರಿಪೇರಿ ಮಾಡಿ ಹಳೇದನ್ನೇ ಉಳಿಸಿಕೊಳ್ಳೋಣ ಎನ್ನುವವರು ಒಂದು ಕಡೆ, ಪೂರಾ ಕೆಡವಿ ಹೊಸದು ಕಟ್ಟೋಣ ಎನ್ನುವವರು ಇನ್ನೊಂದು ಕಡೆ.

ನಿನ್ನ ಮಗಳು ಪಟ್ಟಣ ಪಂಚಾಯಿತಿ ಮೆಂಬರು ಎಂಬುದು ನಿನಗೆ ಗೊತ್ತು. ಅದರ ಸುಖ ಎಂಥದೆಂದು ಗೊತ್ತಿಲ್ಲ. ಅಪ್ಪನ ಜೊತೆ ಗೋಲ್‌ಕೀಪರ್ ಆಗಿ ಆಡಿದ ಯರ್ರೆಪ್ಪ ಕಾಕಾ ದಿನಾ ನಮ್ಮ ಮನೆಗೆ ಬಂದು ಕುಳಿತುಕೊಳ್ಳುತ್ತಿದ್ದ. "ತಪ್ಪು ಮಾಡಿದ್ದು ಗೋಡಿ. ಮೆಟ್ಟಿಲ ಏನ್ ಮಾಡ್ಯಾವವ್ವ? ಗೋಡಿ ಕಟ್ಟಿಸ್ರಿ, ಮೆಟ್ಟಿಲ ಉಳಸ್ರಿ" ಎನ್ನುತ್ತಿದ್ದ. ಮೆಟ್ಟಿಲುಗಳೆಲ್ಲ ಆ ಗೋಡೆಗೇ ಒರಗಿ ನಿಂತಿವೆ, ಒಂದನ್ನು ಬಿಟ್ಟು ಇನ್ನೊಂದನ್ನು ಮುಟ್ಟಲು ಬರುವುದಿಲ್ಲ ಎಂದು ಎಂಜಿನಿಯರು ಹೇಳಿದರು. ಅರ್ಚನಾ ಕುಂಟುತ್ತಾ ಬಂದು, "ಅಕ್ಕಾರ, ಕಲ್ಲಿಂದಾದ್ರೇನು, ಸಿಮೆಂಟಿಂದಾದ್ರೇನು, ನಮಗ ಬಟ್ಟಿ ಬದಲ್ಸಾಕ ಒಂದು ರೂಮು ಬೇಕ್ರಿ" ಎಂದಳು. ಎಲ್ಲರದೂ ಸರಿ ಅನಿಸುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಮೀಟಿಂಗಿನಲ್ಲಿ ಕೈ ಎತ್ತುವ ಹೊತ್ತಿಗೆ ಎರಡೂ ಕಡೆ ಸಮವಾಗಿ, ಎಲ್ಲರೂ ನನ್ನ ಮುಖ ನೋಡಿದರು.

ಕೆಡವಿರಿ ಎಂದು ಕೈ ಎತ್ತಿದೆ. ಅರ್ಚನಾಳ ಕಾಲಿಗಾಗಿ ಎತ್ತಿದೆ ಎಂದು ಊರವರು ಹೊಗಳಿದರು. ನಿನಗೆ ನಿಜ ಹೇಳುತ್ತೇನೆ. ಆ ಹೊಟ್ಟೆ ಬಿಟ್ಟ ಗೋಡೆಯ ಕೆಳಗೆ, ಮೂರನೇ ಮೆಟ್ಟಿಲ ಮೇಲೆ, ದಿನಾ ಸಂಜೆ ಕೂರುವವನು ನಮ್ಮಪ್ಪ.

ಅವನಿಗೆ ಮರೆವು ಬಂದಿದೆ ಎಂದು ಶಿವಶಂಕರ ಮಾವ ಹೇಳಿರಬೇಕು. ಉಂಡದ್ದು ಮರೆಯುತ್ತಾನೆ, ಉಣ್ಣದ್ದೂ ಮರೆಯುತ್ತಾನೆ. ಬಚ್ಚಲ ಬಾಗಿಲೆಂದು ನಮ್ಮ ಗೊಬ್ಬರದ ಅಂಗಡಿಗೆ ಹೋಗಿ ನಿಲ್ಲುತ್ತಾನೆ. ನಿನ್ನ ಅಳಿಯ ಸೋಮಶೇಖರ್ ಅವರು ಪುಣ್ಯಾತ್ಮರು, ಗಿರಾಕಿಗಳನ್ನು ಬಿಟ್ಟು ಮಾವನ ಕೈ ಹಿಡಿದು ಕರೆದುಕೊಂಡು ಬರುತ್ತಾರೆ. ನನ್ನನ್ನು ಮಾತ್ರ ಚೆನ್ನಾಗಿ ಗುರುತು ಹಿಡಿಯುತ್ತಾನೆ, ಅದರ ಚಿಂತೆ ಮಾಡಬೇಡ. ಬಿಸಿಲು ಇಳಿಯಿತೋ, ಯಾರೂ ಹೇಳದೆ ಎದ್ದು ಚಪ್ಪಲಿ ಮೆಟ್ಟುತ್ತಾನೆ. ಮೈದಾನದ ದಾರಿ ಒಂದೇ ಅವನಿಗೆ ಉಳಿದಿರುವ ದಾರಿ. ಹೋಗಿ ಮೂರನೇ ಮೆಟ್ಟಿಲ ತುದಿಯಲ್ಲಿ ಕೂತು, ಹೆಗಲ ಮೇಲಿನ ಟವೆಲ್ಲು ತೆಗೆದು, ಪಕ್ಕದ ಕಲ್ಲಿನ ಮೇಲೆ ಹಾಸುತ್ತಾನೆ.

ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ಲು ಒಗೆದು ಜಾಗ ಹಿಡಿಯುವುದಿಲ್ಲವೇ, ಹಾಗೆ. ಮೊದಲು ನನಗೆ ತಿಳಿಯಲಿಲ್ಲ. ಬೆವರಿಗೆ ತೆಗೆದಿಟ್ಟಿರಬೇಕು ಎಂದುಕೊಂಡಿದ್ದೆ. ಯರ್ರೆಪ್ಪ ಕಾಕಾ ಹೇಳಿದ. ಗ್ಯಾಲರಿ ಮುಗಿದು ಮೊದಲನೇ ಪಂದ್ಯ ನಡೆದ ದಿನವೂ ಅಪ್ಪ ಆಟಕ್ಕಿಳಿಯುವ ಮುಂಚೆ ಅಲ್ಲಿ ಟವೆಲ್ಲು ಹಾಸಿದ್ದನಂತೆ. ಹಗರಿಬೊಮ್ಮನಹಳ್ಳಿಯಿಂದ ಬಂದ ಯಾವನೋ ಕೂರಲು ಹೋದರೆ ಆಟ ಬಿಟ್ಟು ಓಡಿ ಬಂದು ಎಬ್ಬಿಸಿದನಂತೆ. "ಈ ಕಲ್ಲು ಆಕಿ ತವರುಮನೀದು, ಆಕಿ ಕುಂದ್ರಬೇಕು" ಎಂದನಂತೆ. ಟೀಮಿನವರು ನಕ್ಕು ನಕ್ಕು ಸುಸ್ತಾದರಂತೆ. ಆಗ ಹೆಂಗಸರು ಮೈದಾನಕ್ಕೆ ಎಲ್ಲಿ ಬರುತ್ತಿದ್ದರು? ಪ್ರತಿ ಪಂದ್ಯಕ್ಕೂ ಹಾಸಿದ್ದಾನೆ, ಆಡುವುದು ಬಿಟ್ಟು ರೆಫರಿಯಾಗಿ ಸೀಟಿ ಊದುವಾಗಲೂ ಹಾಸಿದ್ದಾನೆ, ನೀನು ಗುಡೇಕೋಟೆಗೆ ಹೋದ ಮೇಲೂ ಹಾಸಿದ್ದಾನೆ. ಒಂದು ಸಲವಾದರೂ ಮನೆಗೆ ಬಂದು, ಪಂಪಿ, ಆಟ ನೋಡಾಕ ಬಾ ಎಂದು ಕರೆದಿದ್ದನೇ? ಇಲ್ಲ ಎಂದು ನನಗೆ ಗೊತ್ತು. ಅವನು ಕರೆಯಲಿಲ್ಲ, ನೀನು ಕೇಳಲಿಲ್ಲ. ಒಬ್ಬರಿಗಿಂತ ಒಬ್ಬರು ಹಟಮಾರಿಗಳು. ನಿಮ್ಮಿಬ್ಬರ ಮೇಲೂ ನನಗೆ ಸಿಟ್ಟಿದೆ, ಅವ್ವ. ಇದನ್ನು ಕೇಳಿದ ದಿನ ರೊಟ್ಟಿ ತಟ್ಟುತ್ತಾ ಅತ್ತುಬಿಟ್ಟೆ.

ಹಳೇ ಮನೆ ಕೆಡವುವ ಮುಂಚೆ ನಮ್ಮ ಕಡೆ ಏನು ಮಾಡುತ್ತೇವೆ ನೀನು ಬಲ್ಲೆ. ಕಟ್ಟಿದವರಲ್ಲಿ ಹಿರಿಯರು ಯಾರಿದ್ದಾರೋ ಅವರು ಕಾಯಿ ಒಡೆದು, ಎಡೆ ಇಟ್ಟು, ತಪ್ಪಾಯಿತೆಂದು ಕೈಮುಗಿದು ಒಂದು ಕಲ್ಲನ್ನು ತಮ್ಮ ಕೈಯಾರೆ ಬಿಡಿಸಬೇಕು. ಆಮೇಲೇ ಆಳುಗಳು ಹಾರೆ ಹಾಕುವುದು. ಗ್ಯಾಲರಿಗೂ ಹಾಗೇ ಮಾಡಬೇಕೆಂದು ಊರವರು ಹಟ ಹಿಡಿದರು. ಕಟ್ಟಿದವರಲ್ಲಿ ಉಳಿದ ಹಿರಿಯ ಅಪ್ಪನೇ. ಹೋದ ಸೋಮವಾರ ಅವನಿಗೆ ಮಡಿ ಪಂಚೆ ಉಡಿಸಿ, ವಿಭೂತಿ ಹಚ್ಚಿ ಕರೆದುಕೊಂಡು ಹೋದೆ. ಮದುವೆಗೆ ಹೊರಟವನ ಹಾಗೆ ಬಂದ.

ಅವನ ಕೈಗೆ ತ್ರಾಸಾಗದಿರಲಿ ಎಂದು ಯರ್ರೆಪ್ಪ ಕಾಕಾ ಮೂರನೇ ಮೆಟ್ಟಿಲ ತುದಿಯ ಕಲ್ಲನ್ನು ಮೊದಲೇ ಹಾರೆಯಿಂದ ಮೀಟಿ ಸಡಿಲ ಮಾಡಿದ್ದ. ಮುಟ್ಟಿದರೆ ಸಾಕು, ಜರುಗುವಂತಿತ್ತು. ಕಾಯಿ ಒಡೆದಾಯಿತು. ಮೈದಾನದ ತುಂಬ ಜನ. ಜೆಸಿಬಿ ಗುರುಗುಟ್ಟುತ್ತಾ ನಿಂತಿತ್ತು. ಅಪ್ಪ ಬಗ್ಗಿ ಕಲ್ಲಿಗೆ ಕೈ ಹಚ್ಚಿದ. ಕಲ್ಲು ಅಲ್ಲಾಡಿತು. ಅವನ ಮುಖ ಕೆಂಪಾಯಿತು.

"ಯಾವನಲೇ ಇದನ್ನ ಸಡ್ಲ ಬಿಟ್ಟಾಂವ? ಗಾರಿ ತರ್ರಿ!" ಎಂದು ಕೂಗಿದ. ಅಂಥ ದನಿ ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಅವನು ಕೆಡವಲು ಬಂದಿರಲಿಲ್ಲ, ಅವ್ವ. ಅವನ ಲೆಕ್ಕದಲ್ಲಿ ಗ್ಯಾಲರಿ ಇನ್ನೂ ಕಟ್ಟುತ್ತಿದ್ದಾರೆ. ಸುತ್ತ ಹುಡುಕಿ ಒಂದು ಕಲ್ಲಿನ ಚಕ್ಕೆ ಹೆಕ್ಕಿ ತಂದ. ಮೊಣಕಾಲೂರಿ ಅದನ್ನು ಕಲ್ಲಿನ ಅಡಿಗೆ ತೂರಿಸಿ, ಇನ್ನೊಂದು ಕಲ್ಲಿನಿಂದ ಬಡಿದು ಬಡಿದು ಬಿಗಿ ಮಾಡಿದ. ಬೆರಳು ಜಜ್ಜಿ ರಕ್ತ ಬಂತು. ನಾನು ಹಿಡಿಯಲು ಹೋದರೆ ಕೊಡವಿಕೊಂಡ. "ನಮ್ಮ ಮಾವ ಕೊಟ್ಟ ಕಲ್ಲಿದು. ಮಗಳು ಕುಂದ್ರತಾಳ ಅಂತ ಕೊಟ್ಟಾನ. ಅಲ್ಲಾಡಬಾರದು" ಎಂದ. ಆಮೇಲೆ ತಾನೇ ಒಮ್ಮೆ ಕೂತು, ಎದ್ದು, ಮತ್ತೆ ಕೂತು ಪರೀಕ್ಷೆ ಮಾಡಿದ. ಸಮಾಧಾನವಾಯಿತು. ಪಕ್ಕಕ್ಕೆ ಸರಿದು ಆ ಕಲ್ಲಿನ ಮೇಲೆ ಟವೆಲ್ಲು ಹಾಸಿದ. ಜೆಸಿಬಿಯವನು ತಾನಾಗಿ ಗಾಡಿ ಆಫ್ ಮಾಡಿದ. ಯರ್ರೆಪ್ಪ ಕಾಕಾ ಗೋಲ್ ಕಂಬದ ಕಡೆ ಮುಖ ಮಾಡಿ ನಿಂತುಬಿಟ್ಟ, ಅವನ ಭುಜ ಅಲ್ಲಾಡುತ್ತಿತ್ತು. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು.

ಮುಂದೆ ಡಿಸೆಂಬರ್ ಒಂದನೇ ತಾರೀಖು, ಸೋಮವಾರ, ಮತ್ತೆ ಜೆಸಿಬಿ ಬರುತ್ತದೆ. ಇನ್ನು ನಿಲ್ಲಿಸಲು ಬರುವುದಿಲ್ಲ, ನಿಲ್ಲಿಸಬಾರದು ಕೂಡ. ಗೋಡೆ ಇನ್ನೊಂದು ಮಳೆ ತಡೆಯುವುದಿಲ್ಲ. ಅಪ್ಪನನ್ನು ಅವತ್ತು ಕೋಣೆಯಲ್ಲಿ ಹಾಕಿ ಚಿಲಕ ಹಾಕು ಎನ್ನುತ್ತಾರೆ ಎಲ್ಲರೂ. ಅವನು ಬಾಗಿಲು ಬಡಿಯುತ್ತಾನೆ, ನಾನು ಹೊರಗೆ ಕೂತು ಕೇಳಬೇಕು. ಕೆಡವಿರಿ ಎಂದು ಕೈ ಎತ್ತಿದವಳು ನಾನು, ಅದನ್ನೂ ಮಾಡಬೇಕಾದರೆ ಮಾಡುತ್ತೇನೆ.

ಯರ್ರೆಪ್ಪ ಕಾಕಾ ಇನ್ನೊಂದು ದಾರಿ ಹೇಳಿದ. ಕಲ್ಲು ಕೊಟ್ಟ ಮನೆಯವರು ಬಂದು, ನಮ್ಮ ಕಲ್ಲು ನಮಗೆ ಕೊಡಿ ಎಂದು ಕೈ ಹಚ್ಚಿದರೆ, ಕಟ್ಟಿದವನು ಬೇಡ ಎನ್ನುವ ಹಾಗಿಲ್ಲ. ಅದು ಧರ್ಮ. ನೀನು ಬಂದು ಆ ಕಲ್ಲು ಕೇಳಿದರೆ ಅಪ್ಪ ಬಿಡುತ್ತಾನೆ. ಬೇರೆ ಯಾರು ಕೇಳಿದರೂ ಬಿಡುವುದಿಲ್ಲ.

ಅವನನ್ನು ಕ್ಷಮಿಸು ಎಂದು ನಾನು ಕೇಳುತ್ತಿಲ್ಲ. ಕ್ಷಮಿಸಿದೆ ಎಂದು ನೀನು ಹೇಳಿದರೂ ಯಾವುದಕ್ಕೆ ಎಂದು ಅವನಿಗೆ ಈಗ ತಿಳಿಯುವುದಿಲ್ಲ. ಜಗಳ ಆಡುವುದಿದ್ದರೆ ಅದಕ್ಕೂ ತಡವಾಯಿತು. ನಿನ್ನ ಕಲ್ಲು ನೀನು ಕೇಳಿ ತೆಗೆದುಕೊ, ಅಷ್ಟೇ. ಆ ಸಾಲಿನ ಅಷ್ಟೂ ಚಪ್ಪಡಿಗಳನ್ನು ಲಾರಿಗೆ ಹಾಕಿಸಿ ಗುಡೇಕೋಟೆಗೆ ಕಳಿಸುತ್ತೇನೆ. ಜಗಲಿ ಕಟ್ಟಿಸಿಕೊ. ಅಂಚು ಈಗಲೂ ನುಣ್ಣಗೇ ಇದೆ, ಊರವರು ಕೂತು ಕೂತು ಇನ್ನೂ ನುಣುಪಾಗಿದೆ.

ಕಲ್ಲು ಕೇಳುವ ಮುಂಚೆ ಸ್ವಲ್ಪ ಹೊತ್ತು ಅದರ ಮೇಲೆ ಕೂತರೆ ನಿನ್ನ ಗಂಟೇನೂ ಹೋಗುವುದಿಲ್ಲ. ಇದು ನನ್ನ ಸ್ವಂತ ಮಾತು, ಕಾಕಾ ಹೇಳಿದ್ದಲ್ಲ.

ಭಾನುವಾರ ಸಂಜೆಯೇ ಬಂದರೆ ಒಳ್ಳೆಯದು. ಸೋಮಶೇಖರ್ ಅವರು ಕಾರು ತರುತ್ತಾರೆ. ಮೊಣಕಾಲಿಗೆ ಹಚ್ಚುವ ಎಣ್ಣೆ ಮರೆಯಬೇಡ. ಮೈದಾನದಲ್ಲಿ ಗಾಳಿ ಬಹಳ, ಶಾಲು ಹೊದ್ದುಕೊಂಡು ಬಾ. ಮಾವನಿಗೂ ಅತ್ತೆಗೂ ಶರಣು ತಿಳಿಸು.

ನಿನ್ನ ದಾರಿ ಕಾಯುವ
ಪುಷ್ಪಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಅವ್ವ. ಅಪ್ಪ ನನ್ನನ್ನು ಗುರುತು ಹಿಡಿಯುವುದಿಲ್ಲ. ಸೋಮವಾರ ಎಲ್ಲರೂ ಹೋದ ಮೇಲೆ ನಾನು ಅವನ ಪಕ್ಕದಲ್ಲಿ, ಆ ಟವೆಲ್ಲಿನ ಮೇಲೆ ಕೂತುಬಿಟ್ಟೆ. ಅವನು ಮೆಲ್ಲಗೆ, ಬಹಳ ಮರ್ಯಾದೆಯಿಂದ, "ಏಳವ್ವ ತಾಯಿ, ಬ್ಯಾಸರ ಮಾಡ್ಕೋಬ್ಯಾಡ. ಈ ಜಾಗ ಹಿಡದೈತಿ, ನಮ್ಮನಿಯಾಕಿ ಬರ್ತಾಳ" ಎಂದ. ಆಮೇಲೆ "ಯಾರ ಮಗಳವ್ವ ನೀನು?" ಎಂದು ಕೇಳಿದ. ಪಂಪಮ್ಮನ ಮಗಳು ಎಂದೆ. ಅವನು ಜೋರಾಗಿ ನಕ್ಕ. "ನಮ್ಮ ಪಂಪಿಗೆ ಇನ್ನೂ ಮಕ್ಕಳೆಲ್ಲಿ? ಹೋದ ವರ್ಷ ಲಗ್ನ ಆಗೇತಿ" ಎಂದ. ನಾನು ಎದ್ದು ಕೆಳಗಿನ ಮೆಟ್ಟಿಲಿಗೆ ಹೋಗಿ ಕೂತೆ. ನಾನು ಕೂತದ್ದಕ್ಕೆ ಟವೆಲ್ಲು ಸುಕ್ಕಾಗಿತ್ತು, ಅದನ್ನು ಜಜ್ಜಿದ ಬೆರಳಿನಿಂದಲೇ ತೀಡಿ ಸರಿಮಾಡಿದ.