ಅರ್ಧ ಬಣ್ಣ ಒರೆಸಿದ ಮುಖ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಚೆನ್ನಾಗಿದ್ದೀಯಾ? ನಾನಿದ್ದೇನೆ, ಸೋತು ಸುಣ್ಣವಾಗಿ. ಫೋನಿನಲ್ಲಿ ನಿನ್ನಣ್ಣನ ಹೆಸರೆತ್ತಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪ ಹೋಗಿ ವರ್ಷವಾಯಿತು. ಅಂದಿನಿಂದ ನಮ್ಮ ಮುಂದಿನ ಕೋಣೆ ಅವರ ಪ್ರತಿಮೆ ಸಮಿತಿಯದು. ಒಂದು ಕುರ್ಚಿಯಲ್ಲಿ ನಾಟಕ ಕಂಪನಿಯ ಯಜಮಾನರು. ರಂಗಮಂದಿರದ ಮುಂದೆ ನಿಲ್ಲಬೇಕಾದ್ದು ಜನ ನಾಟಕದಲ್ಲಿ ಕಂಡು ನಕ್ಕ ‘ಕಿವುಡ ಮಾವ’ನೇ, ಬಾಯಿ ತೆರೆದು, ಕಿವಿಗೆ ಕೈ ಕೊಟ್ಟು, ಅನ್ನುತ್ತಾರೆ. ಎದುರಿಗೆ ನಿನ್ನಣ್ಣ. ಅವನಿಗೆ ಕೋಟು ತೊಟ್ಟು ನೆಟ್ಟಗೆ ನಿಂತ ಅಪ್ಪನೇ ಬೇಕು. ಶಾಲೆಯಲ್ಲಿ ಹುಡುಗರು ಅವನ ಕಿವಿಗೆ ಬಾಯಿಟ್ಟು ‘ಕಿವುಡನ ಮಗಾ’ ಎಂದು ಕಿರುಚುತ್ತಿದ್ದರು. ನೀನಾಗ ತೀರಾ ಚಿಕ್ಕವಳು.

“ಸತ್ತ ಮೇಲೂ ಅಪ್ಪನ್ನ ಕೋಡಂಗಿ ಮಾಡ್ಬೇಕಾ?” ಎಂದು ಇವನು. “ಆ ಕೋಡಂಗೀನೇ ಕಣಯ್ಯ ನಿನ್ನನ್ನ ಓದಿಸಿದ್ದು” ಎಂದು ಅವರು. ಟೀ ಕಾಯಿಸುವುದು, ಲೋಟ ತೊಳೆಯುವುದು ನನ್ನ ಪಾಲು. “ಅಮ್ಮನೇ ಹೇಳ್ಲಿ” ಎನ್ನುತ್ತಾರೆ ಇಬ್ಬರೂ. ನಾನು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಶುರು. ನಿಮ್ಮಪ್ಪ ಕಿವುಡನ ವೇಷ ಹಾಕಿದ್ದರು, ನಿಜವಾದ ಕಿವುಡರು ಇವರು.

ಅದರ ಮೇಲೆ ನೀನು ಯಜಮಾನರ ಪರವಾಗಿ ಪತ್ರಿಕೆಗೆ ಬರೆದೆ. ನಿನ್ನಣ್ಣ ಅದನ್ನು ಓದಿ, ಮಡಿಸಿ, ಜೇಬಿಗಿಟ್ಟುಕೊಂಡು ಹೋದವನು ತಿಂಗಳುಗಟ್ಟಲೆ ಮನೆ ಕಡೆ ತಲೆ ಹಾಕಲಿಲ್ಲ. ನೀನು ಬರೆದದ್ದು ಸುಳ್ಳೆನ್ನುತ್ತಿಲ್ಲ. ಆದರೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ನಾನು, ಅಷ್ಟು ತಿಳಿದುಕೊ.

ಒಂದು ದಿನ ಸಮಿತಿಯವರು ಗೊತ್ತು ಮಾಡಿದ್ದ ಶಿಲ್ಪಿ ಒಬ್ಬನೇ ಬಂದ. “ಮನೇಲಿ ಹೇಗಿರ್ತಿದ್ರು ಅಮ್ಮಾ ಅವರು?” ಎಂದು ಕೇಳಿದ. ಹೇಳಿದೆ. ಆಟ ಮುಗಿಸಿ ಬಂದು, ಬಣ್ಣ ಅರ್ಧ ಒರೆಸಿ, ಒಂದು ಹುಬ್ಬನ್ನು ಹಾಗೇ ಬಿಟ್ಟು, ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿಯುತ್ತಿದ್ದರು. ಊರನ್ನೆಲ್ಲ ನಗಿಸಿದ ಬಾಯಿಗೆ ತುತ್ತು ಅಗಿಯುವ ತ್ರಾಣವಿರುತ್ತಿರಲಿಲ್ಲ. ನೀವಿಬ್ಬರೂ ಮಲಗಿರುತ್ತಿದ್ದಿರಿ. ಆ ಮುಖ ಕಂಡವಳು ನಾನೊಬ್ಬಳೇ.

ಹೋದ ವಾರ ಶಿಲ್ಪಿ ಎಲ್ಲರನ್ನೂ ತನ್ನ ಶೆಡ್ಡಿಗೆ ಕರೆದ. ನಿನ್ನಣ್ಣನೂ ಬಂದಿದ್ದ. ಜೇಡಿಮಣ್ಣಿನಲ್ಲಿ ಅದೇ ಮುಖ. ಪಕ್ಕದ ಮರಳಿನ ಚೀಲದ ಮೇಲೆ ಕೂತುಬಿಟ್ಟೆ. “ಇದೇನ್ರೀ, ನಗಿಸೋನಿಗೆ ಸಾವಿನ ಮನೆ ಮುಖ!” ಅಂದರು ಯಜಮಾನರು. “ನಮ್ಮಪ್ಪ ಯಾವತ್ತೂ ಇಷ್ಟು ಸುಸ್ತಾಗಿರ್ಲಿಲ್ಲ” ಅಂದ ನಿನ್ನಣ್ಣ. ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಂದಾದರು. ಅಳಿಸಿ ಹೊಸದು ಮಾಡು ಎಂದರು.

ಎಲ್ಲಿತ್ತೋ ನನಗೆ ದನಿ. “ಸಾಕು. ಪ್ರತಿಮೇನೇ ಬೇಡ. ನನ್ನ ಒಪ್ಪಿಗೆ ಇಲ್ಲ” ಅಂದುಬಿಟ್ಟೆ.

ಯಜಮಾನರು ಮುಖ ಊದಿಸಿಕೊಂಡು ಹೊರಟರು. ನಿನ್ನಣ್ಣ ನನ್ನನ್ನು ಮನೆಗೆ ಕರೆತಂದ. ದಾರಿಯಲ್ಲಿ ಒಂದೇ ಮಾತು: “ಅಪ್ಪ ನಿಜವಾಗ್ಲೂ ಹಾಗಿರ್ತಿದ್ರಾ?” ಹೂಂ ಅಂದೆ. ಬಾಗಿಲಲ್ಲಿ ಬಹಳ ಹೊತ್ತು ಚಪ್ಪಲಿ ಬಿಚ್ಚದೆ ನಿಂತಿದ್ದ. ಆಮೇಲೆ ಒಳಗೆ ಬಂದು ಊಟ ಮಾಡಿದ.

ಅವನಿಗೊಂದು ಫೋನ್ ಮಾಡು ಮಗಳೇ. ಪ್ರತಿಮೆಯ ಮಾತು ಎತ್ತಬೇಡ, ಅದು ಮುಗಿದ ಕಥೆ. ಮಾತಾಡಿಕೊಂಡಿರುವ ಇಬ್ಬರು ಮಕ್ಕಳಿದ್ದರೆ ನನಗೆ ಸಾಕು.

ನಿನ್ನ
ಅಮ್ಮ

ತಾ.ಕ.: ಬೆಳಗ್ಗೆ ನಾನು ಫೋನ್ ಎತ್ತದಿದ್ದರೆ ಗಾಬರಿಯಾಗಬೇಡ. ಆ ಮಣ್ಣಿನ ಮುಖವನ್ನು ಕೆಡವಬೇಡ ಎಂದು ಶಿಲ್ಪಿಗೆ ಹೇಳಿದ್ದೇನೆ. ಒಣಗಿದರೆ ಬಿರುಕು ಬಿಡುತ್ತದಂತೆ, ಅದಕ್ಕೇ ದಿನಾ ಬೆಳಗ್ಗೆ ಶೆಡ್ಡಿಗೆ ಹೋಗಿ ಒದ್ದೆ ಬಟ್ಟೆ ಹೊದಿಸಿ ಬರುತ್ತೇನೆ. ನಿನ್ನೆ ಹೋದಾಗ ಬಟ್ಟೆ ಆಗಲೇ ನೆನೆದಿತ್ತು. ನಿನ್ನಣ್ಣ ಬಂದು ಹೋಗಿದ್ದನಂತೆ. “ಅಮ್ಮನಿಗೆ ಹೇಳ್ಬೇಡಿ” ಅಂದಿದ್ದನಂತೆ.