ಅಪ್ಪನ ಎದುರು ವಕಾಲತ್ತು

ಅಪ್ಪನಿಗೆ ನಮಸ್ಕಾರ.

ಸೋಮವಾರ ಹೈಕೋರ್ಟಿನಲ್ಲಿ ನಿಮ್ಮ ವಿರುದ್ಧ ವಾದಿಸುವ ವಕೀಲೆ ನಾನೇ. ಪೇಪರಿನವರಿಗಿಂತ ಮೊದಲು ನನ್ನಿಂದಲೇ ನಿಮಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಬಹುಮತವಿದ್ದರೆ ಮಾತ್ರ ಮಸೂದೆ ಪಾಸು ಎನ್ನುತ್ತದೆ ಸಂವಿಧಾನ; ಸದಸ್ಯರು ಕೇಳಿದರೆ ಸ್ಪೀಕರ್ ಮತ ಎಣಿಸಲೇಬೇಕು ಎನ್ನುತ್ತದೆ ಸದನದ ನಿಯಮ. ಅರ್ಧ ಸದನ ಎದ್ದು ನಿಂತು ಕೇಳಿದರೂ ನೀವು ಎಣಿಸಲಿಲ್ಲ. ಮಸೂದೆ ಪಾಸಾಯಿತು ಎಂದು ಸುತ್ತಿಗೆ ಕುಟ್ಟಿ ಹೊರಟುಹೋದಿರಿ. ಈಗ, "ಸದನದೊಳಗಿನ ವಿಷಯ ಕೇಳೋಕೆ ಕೋರ್ಟು ಯಾರು?" ಎನ್ನುತ್ತಿದ್ದೀರಿ.

ಮನೆಯಲ್ಲೂ ಊಟದ ಮೇಜಿಗೆ ಚಮಚ ಕುಟ್ಟಿ "ಮಾತು ಮುಗೀತು" ಎನ್ನುತ್ತಿದ್ದಿರಿ. ನಾನು ಲಾ ಓದುತ್ತೇನೆ ಎಂದ ದಿನವೂ ಕುಟ್ಟಿದಿರಿ. ಆಗ ಅಜ್ಜಿ ಅಡುಗೆಮನೆಯಿಂದ ಬಂದು, ನಿಮ್ಮ ಕೈಯಿಂದ ಚಮಚ ಕಿತ್ತುಕೊಂಡು, "ಅವಳ ಮಾತು ಮುಗಿದಿಲ್ಲ ಕಣೋ, ಕೂತ್ಕೋ" ಎಂದರು. ನೀವು ಕೂತಿರಿ.

ಈಗ ಅಜ್ಜಿ ಇಲ್ಲ. ಕೋರ್ಟಿದೆ.

ನನ್ನ ಕರಿ ಕೋಟು ಅಲ್ಲೇ, ಅಮ್ಮನ ಬೀರುವಿನಲ್ಲಿ ಉಳಿದಿದೆ. ಡ್ರೈವರ್ ಕೈಯಲ್ಲಿ ಕಳಿಸಿ. ಅಮ್ಮನಿಂದ ಫೋನ್ ಮಾಡಿಸಬೇಡಿ, ನಾನು ಜಗ್ಗುವುದಿಲ್ಲ. ಬಿಪಿ ಮಾತ್ರೆ ತಪ್ಪಿಸಬೇಡಿ.

ಸಾಧ್ಯವಾದರೆ ಸೋಮವಾರ ನೀವೇ ಬನ್ನಿ. ಹೇಳುವವರು ಹೇಳಿದಾಗ ಕೂರುವುದು ನಿಮಗೆ ಬರುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಇಂತಿ,
ಮಾತು ಇನ್ನೂ ಮುಗಿಯದ
ನಿಮ್ಮ ಮಗಳು