ಫೆಬ್ರವರಿಯಲ್ಲಿ ಹತ್ತು ದಿನದ ರಜೆ

ಹವಲ್ಲಿ, ಕುವೈತ್
26 ಜುಲೈ 1990, ಗುರುವಾರ

ಪ್ರೀತಿಯ ಸೇಸಪ್ಪ ಮಾವನಿಗೆ ನಿಮ್ಮ ವೇದು ಇಲ್ಲಿಂದಲೇ ಕಾಲು ಮುಟ್ಟಿ ಮಾಡುವ ನಮಸ್ಕಾರ.

ನಿಮ್ಮ ಮೊಣಕಾಲು ನೋವು ಹೇಗಿದೆ? ನಿಮಗೆಂದು ಕಳಿಸಿದ ಮುಲಾಮನ್ನು ಅಮ್ಮ ತನ್ನ ತಲೆನೋವಿಗೆ ಹಚ್ಚಿಯೇ ಮುಗಿಸಿದರಂತೆ! ಈ ಸಲ ಎರಡು ಡಬ್ಬಿ ಇದೆ, ನಿಮ್ಮದನ್ನು ಅಡಗಿಸಿಡಿ. ನಾನಂತೂ ಎಷ್ಟು ಸುಖವಾಗಿದ್ದೇನೆಂದರೆ ಬರೆಯಲು ನಾಚಿಕೆಯಾಗುತ್ತದೆ. ಮದುವೆಯಾಗಿ ಇಂದಿಗೆ ಎಪ್ಪತ್ತೆಂಟು ದಿನ. ಎಣಿಸುತ್ತೇನೆಂದು ಇವರು ನಗುತ್ತಾರೆ. ಇಲ್ಲಿಯ ಸೆಕೆಯಲ್ಲಿ ಟ್ಯಾಂಕಿನ ನೀರೇ ಕುದಿಯುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಗೀಸರ್ ಆರಿಸಿ ಅದರೊಳಗೆ ನೀರು ತಣಿಸಿ ಸ್ನಾನ ಮಾಡುತ್ತಾರೆ ಮಾವ, ನಂಬುತ್ತೀರಾ? ಇರಾಕಿನ ಸುದ್ದಿ ರೇಡಿಯೋದಲ್ಲಿ ಕೇಳಿ ಹೆದರಬೇಡಿ. ಎಣ್ಣೆಯ ದರದ ಜಗಳವಂತೆ, ದೊಡ್ಡವರು ಕೂತು ಮಾತಾಡುತ್ತಿದ್ದಾರೆ. ಸಂಜೆ ನಾವು ಸಮುದ್ರದ ಬದಿಗೆ ಹೋಗಿ ಐಸ್‌ಕ್ರೀಂ ತಿಂದು ಬರುತ್ತೇವೆ.

ಈಗ ಸುದ್ದಿ. ಡಿಗ್ರಿ ಮುಗಿಸಿದವರು ಬೇಗ ನರ್ಸ್ ಆಗುವಂಥ ಕೋರ್ಸಿಗೆ ಮದುವೆಗೆ ಮುಂಚೆ ಎರಡು ಕಡೆ ಅರ್ಜಿ ಹಾಕಿದ್ದೆನಲ್ಲ, ಎರಡೂ ಕಡೆ ಸೀಟು ಸಿಕ್ಕಿದೆ! ಅಮೆರಿಕದ್ದು ಹದಿನೈದು ತಿಂಗಳು, ಒಂದೇ ಓಟ, ಮಧ್ಯೆ ಉಸಿರಾಡಲೂ ಬಿಡುವುದಿಲ್ಲ. ಹಾಸ್ಟೆಲಿನಲ್ಲಿ ಗಂಡನಿಗೆ ಜಾಗವಿಲ್ಲ. ಇಂಗ್ಲೆಂಡಿನದು ಎರಡು ವರ್ಷ, ಆಸ್ಪತ್ರೆಯೇ ಸ್ವಲ್ಪ ಸಂಬಳ ಕೊಡುತ್ತದೆ, ಆರು ತಿಂಗಳ ಮೇಲೆ ಇವರೂ ಬಂದು ಜೊತೆಗೆ ಇರಬಹುದು. ಮೊದಲ ದಿನ ಇಬ್ಬರೂ ಅಡಿಗೆಮನೆಯಲ್ಲಿ ಕುಣಿದೆವು, ಸಾರು ಉಕ್ಕಿ ಒಲೆ ಆರಿತು.

ಆದರೆ ಎರಡು ಲಕೋಟೆಗಳಲ್ಲೂ ನಿಮ್ಮ ಪ್ರಸ್ತಾಪವಿತ್ತು. ಅರ್ಜಿಯಲ್ಲಿ ಕುಟುಂಬದ ಯಜಮಾನರು ಯಾರೆಂದು ಕೇಳಿದ್ದರು. ನಾನು ಯೋಚನೆಯೇ ಮಾಡದೆ ನಿಮ್ಮ ಹೆಸರು, ಕಟಪಾಡಿ ವಿಳಾಸ ಬರೆದಿದ್ದೆ. ನಮ್ಮಲ್ಲಿ ತಾಯಿಯ ಅಣ್ಣನಲ್ಲದೆ ಇನ್ಯಾರು ಯಜಮಾನರು? ಅವರಿಗೆ ಬೇಕಾಗಿದ್ದದ್ದು ಅಪ್ಪ ಅಥವಾ ಗಂಡ ಎಂದು ನನಗೆ ಹೊಳೆಯಲೇ ಇಲ್ಲ. (ನಿನ್ನ ತಂದೆ ಬದುಕಿಲ್ಲವೇ ಎಂದು ಅಮೆರಿಕದವರು ಬಹಳ ಮೃದುವಾಗಿ ವಿಚಾರಿಸಿದ್ದಾರೆ. ಅಪ್ಪನಿಗೆ ದಯವಿಟ್ಟು ಹೇಳಬೇಡಿ!) ನಿಮ್ಮ ಒಪ್ಪಿಗೆಯ ಸಹಿ ಕೇಳಿ ಅವರು ಕಳಿಸಿದ ಕಾಗದಕ್ಕೆ ನೀವು ಅನಂತರಾಮು ಮೇಷ್ಟ್ರ ಕೈಯಿಂದ ಇಂಗ್ಲಿಷಿನಲ್ಲಿ ಉತ್ತರ ಬರೆಸಿದಿರಂತೆ. ಅದರ ಪ್ರತಿಯನ್ನು ಕಾಲೇಜಿನವರು ನನಗೂ ಕಳಿಸಿದ್ದಾರೆ. ನೀವು ಬರೆಸಿದ್ದು ಇಷ್ಟು: ನಮ್ಮ ಹುಡುಗಿ ಸೂಕ್ಷ್ಮ, ರಕ್ತದೊತ್ತಡ ಕಡಿಮೆ, ರಾತ್ರಿ ಪಾಳಿ ಕೊಡಬಾರದು. ಮೀನು ಇಲ್ಲದಿದ್ದರೆ ಊಟ ಸೇರುವುದಿಲ್ಲ. ಪ್ರತಿ ಫೆಬ್ರವರಿಯಲ್ಲಿ ಕುಟುಂಬದ ಮನೆಯಲ್ಲಿ ದೈವ ಮೈಮೇಲೆ ಬಂದು ಮಾತಾಡುವ ನೇಮದ ಉತ್ಸವವಿದೆ, ಹೆಣ್ಣುಮಕ್ಕಳು ಎದುರು ನಿಲ್ಲಲೇಬೇಕು, ಹತ್ತು ದಿನ ರಜೆ ಕೊಡತಕ್ಕದ್ದು. ಮಾವ, ಓದಿ ನಾನು ನಕ್ಕೆ, ಆಮೇಲೆ ಬಾತ್‌ರೂಮಿನಲ್ಲಿ ಕೂತು ಅತ್ತೆ. "ಕಾನ್ವೆಂಟಿಗೆ ಹಾಕಿ ಬಿ.ಎಸ್ಸಿ. ಮಾಡಿಸಿದ್ದು ಬೆಡ್‌ಪ್ಯಾನ್ ಎತ್ತಲಿಕ್ಕಾ?" ಎಂದು ಒಂದು ವಾರ ನನ್ನೊಡನೆ ಮಾತು ಬಿಟ್ಟವರು ನೀವು. ಕೊನೆಗೆ ಸಹಿಯನ್ನೂ ಹಾಕಿದಿರಿ, ನನಗಾಗಿ ರಜೆಯನ್ನೂ ಕೇಳಿದಿರಿ.

ನಿಮ್ಮ ಕಾಗದಕ್ಕೆ ಇಂಗ್ಲೆಂಡಿನವರ ಉತ್ತರ ಅರ್ಧ ಪುಟ, ಬಹಳ ಸಿಹಿ. ಹತ್ತು ದಿನವೇನು, ಹನ್ನೆರಡು ಬೇಕಾದರೂ ಕೊಡೋಣ, ರಾತ್ರಿ ಪಾಳಿಯ ವಿಷಯವನ್ನೂ ನೋಡೋಣ, ಬೇಗ ಬಂದು ಸೇರಿ. ಅಮೆರಿಕದ ಕೋರ್ಸಿನ ಮೇಡಂ ಎರಡು ಪುಟ ಬರೆದಿದ್ದಾರೆ. ನಿಮ್ಮನ್ನು 'ಮಾನ್ಯ ಮಾವನವರೇ' ಎಂದೇ ಕರೆದಿದ್ದಾರೆ ನೋಡಿ! ರಜೆ ಇಲ್ಲ. ಫೆಬ್ರವರಿಯ ಆ ಹತ್ತು ದಿನವೇ ಹೆರಿಗೆ ವಾರ್ಡಿನ ಕಲಿಕೆ, ಅದು ತಪ್ಪಿದರೆ ಕೋರ್ಸೇ ತಪ್ಪಿದಂತೆ. ರಾತ್ರಿ ಪಾಳಿ ಇದೆ. ರಕ್ತದೊತ್ತಡಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ಮೀನು ಶುಕ್ರವಾರ ಸಿಗುತ್ತದೆ. ಜುಲೈ ಮೂವತ್ತೊಂದರೊಳಗೆ ಒಪ್ಪಿಗೆ ತಲುಪದಿದ್ದರೆ ಸೀಟು ಬೇರೆಯವರಿಗೆ.

ಎರಡನ್ನೂ ಹಿಡಿದುಕೊಂಡು ಮೇಲಿನ ಮಹಡಿಯ ತೆರೆಸಾ ಅಕ್ಕನ ಹತ್ತಿರ ಓಡಿದೆ. ಅವರು ಬಜ್ಪೆಯವರು, ಇಲ್ಲಿಯ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ನರ್ಸ್. ಮೀನು ಹುರಿಯುತ್ತಲೇ ಓದಿಸಿ ಕೇಳಿದರು. "ಎಂತ ಮಾರಾಯ್ತಿ, ನಿನ್ನನ್ನು ನೋಡುವ ಮೊದಲೇ ಎಲ್ಲದಕ್ಕೂ ಹೂಂ ಅಂತಾರಲ್ಲ, ಅವರಿಗೆ ವಾರ್ಡಲ್ಲಿ ಜನ ಇಲ್ಲ. ನೀನು ಅಲ್ಲಿ ಕಲಿಯುವವಳು ಅಲ್ಲ, ಎರಡು ಕೈ ಅಷ್ಟೆ. ಇಲ್ಲ ಅಂದವಳು ನೋಡು, ಅವಳು ನಿನ್ನ ಫೆಬ್ರವರಿಯಲ್ಲಿ ಎಂತ ಕಲಿಸ್ಬೇಕು ಅಂತ ಈಗಲೇ ಬರೆದಿಟ್ಟಿದ್ದಾಳೆ." ನಾನು ಗಂಡನ ವಿಷಯ ಎತ್ತಿದರೆ, "ಗಂಡ ಎಲ್ಲಿಗೂ ಓಡಿ ಹೋಗುದಿಲ್ಲ, ಅವನಿಗೆ ಕಫೀಲ್ ಪಾಸ್‌ಪೋರ್ಟು ಕೊಡ್ಬೇಕಲ್ಲ" ಎಂದು ನಕ್ಕರು. ಕಫೀಲ್ ಎಂದರೆ ಇವರ ಮಾಲೀಕ, ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾನೆ, ಅದಕ್ಕೆ.

ನಿಮ್ಮ ಅಳಿಯ ರೋಹಿದಾಸರ ಮಾತು ಕೇಳಿ. ಇಂಗ್ಲೆಂಡಿನ ಕಾಗದ ಬಂದ ದಿನವೇ ಅಟ್ಲಾಸ್ ತಂದು ಆ ಊರಿಗೆ ಪೆನ್ಸಿಲಿನಿಂದ ಸುತ್ತು ಹಾಕಿದ್ದರು. ತೆರೆಸಾ ಅಕ್ಕನ ಮಾತು ಹೇಳಿದ ಮೇಲೆ ಆ ಸುತ್ತನ್ನು ರಬ್ಬರಿನಿಂದ ಉಜ್ಜಿ, "ಹದಿನೈದು ತಿಂಗಳು ನಾನು ಕುಬೂಸ್ ರೊಟ್ಟಿ ತಿಂದು ಬದುಕ್ತೇನೆ. ಆದ್ರೆ ನೀನೇ ಹೇಳ್ಬೇಕು ವೇದು, ನನ್ನ ಬಾಯಿಂದ ಹೋಗು ಅಂತ ಬರುದಿಲ್ಲ" ಎಂದರು. ಇಂಥವರನ್ನು ಹುಡುಕಿಕೊಟ್ಟ ನಿಮಗೆ ನಾನು ಏನು ಕೊಡಲಿ?

ಹಾಸಿಗೆ ಹಿಡಿದಿದ್ದ ಅಜ್ಜಿಯ ಬೆನ್ನಿನ ಹುಣ್ಣನ್ನು ನಾನು ತೊಳೆಯುತ್ತಿದ್ದಾಗ ನೀವು ಬಾಗಿಲಲ್ಲಿ ನಿಂತು ನೋಡಿ, ಬಿಸಿನೀರು ತಂದಿಟ್ಟು ಹೋಗುತ್ತಿದ್ದಿರಿ. ನನಗೆ ಆ ಕೆಲಸ ಸರಿಯಾಗಿ ಕಲಿಯಬೇಕು, ಮಾವ. ಅಂದಾಜಿನಲ್ಲಿ ಅಲ್ಲ. ಅಮೆರಿಕದ ವೀಸಾಕ್ಕೆ ಇಲ್ಲಿಯ ಎಂಬೆಸಿಗೆ ಆಗಸ್ಟ್ ನಾಲ್ಕು, ಶನಿವಾರ ಬರಲು ಹೇಳಿದ್ದಾರೆ. ನಿಮ್ಮ ಅಭಿಪ್ರಾಯ ಏನೆಂದು ಬರೆಯಿರಿ.

ಅಮ್ಮ, ಅಪ್ಪ, ಅತ್ತೆ ಎಲ್ಲರಿಗೂ ನಮ್ಮಿಬ್ಬರ ನಮಸ್ಕಾರ. ಮೇಷ್ಟ್ರಿಗೆ ಅವರ ಇಂಗ್ಲಿಷ್ ಬಹಳ ಚಂದವಿತ್ತೆಂದು ಹೇಳಿ. ನಿಮ್ಮ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ನಿಮ್ಮ ಮುದ್ದಿನ ಸೊಸೆ,
ವೇದಾವತಿ

ಮರೆತ ಮಾತು: ಊರಿಗೆ ಹೊರಟ ಮುತ್ತಲಿಬ್ ಭಾಯಿ ಈ ಕಾಗದ ಒಯ್ಯಲು ಬಂದು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಮೇಲೆ ನಿಮ್ಮನ್ನು ಕೇಳುವವಳ ಹಾಗೆ ಬರೆದೆ. ಕೇಳಲು ಏನೂ ಉಳಿದಿಲ್ಲ ಮಾವ, ಅಮೆರಿಕಕ್ಕೆ ಒಪ್ಪಿಗೆಯನ್ನು ಮೊನ್ನೆಯೇ ತಂತಿಯಲ್ಲಿ ಕಳಿಸಿಬಿಟ್ಟೆ. ನಿಮ್ಮನ್ನು ಕೇಳದೆ ಮಾಡಿದ ಮೊದಲ ಕೆಲಸ ಇದು. ಫೆಬ್ರವರಿಯಲ್ಲಿ ನಾನು ಇರುವುದಿಲ್ಲ. ಸಂಸಾರ ಪೂರ್ತಿ ಬಂದಿದೆಯೇ ಎಂದು ದೈವ ಕೇಳಿದಾಗ ಕೈಮುಗಿದು ಉತ್ತರ ಹೇಳಬೇಕಾದವರು ನೀವು. ಹುಡುಗಿಗೆ ಹುಷಾರಿಲ್ಲ, ಗಂಡ ಕಳಿಸಲಿಲ್ಲ ಎಂದೆಲ್ಲ ಹೇಳಬೇಡಿ. ಹೆರಿಗೆ ವಾರ್ಡಿನಲ್ಲಿದ್ದಾಳೆ, ತಾನೇ ಆರಿಸಿಕೊಂಡು ಹೋದಳು ಎನ್ನಿ. ನಿಮಗೆ ಸಿಟ್ಟು ಬಂದಿದ್ದರೆ ಅದನ್ನೂ ಅಲ್ಲೇ ಹೇಳಿ. ಆದರೆ ನನ್ನ ಪಾಲಿನ ಗಂಧಪ್ರಸಾದ ಯಾರಿಗೂ ಕೊಡದೆ ಎತ್ತಿಡಿ.